ಎಷ್ಟು ವರ್ಷಕ್ಕೆ? ಅದನ್ನು ಕೇಳಿ

ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ತಂಡಗಳು ಹೊಸಬರನ್ನು ಆರಿಸುವುದಕ್ಕೆ ಡ್ರಾಫ್ಟ್ ಅಂತಾರೆ. 2015ರಲ್ಲಿ ಪಂಜಾಬಿನ ಬಲ್ಲೋಕೆ ಹಳ್ಳಿಯ ರೈತನ ಮಗ ಸತ್ನಾಮ್ ಸಿಂಗ್ 52ನೆಯವರಾಗಿ ಆಯ್ಕೆಯಾದರು. ಎನ್‌ಬಿಎಯ ಒಂದು ಪಂದ್ಯವೂ ಸಿಗಲಿಲ್ಲ.

ಅಲ್ಲಿ ಕಾಲೇಜು ತಂಡಗಳಲ್ಲಿ ಆಡುವವರು ಸಾವಿರಾರು. ಡ್ರಾಫ್ಟ್‌ನಲ್ಲಿ ಬರುವುದು ಸುಮಾರು 60 ಹೆಸರು. ಅಭಿಮಾನಿಗಳ ಜಗಳವೆಲ್ಲ ಆ ಅರವತ್ತರ ಮೇಲೆಯೇ. ಉಳಿದವರ ಗತಿ?

1973ರಿಂದ ಸುಮಾರು ನಾಲ್ಕು ದಶಕ ಅಲ್ಲಿನ ಕ್ರೀಡಾ ಸ್ಕಾಲರ್‌ಶಿಪ್ ಒಂದೊಂದೇ ವರ್ಷದ್ದು. ಮೊಣಕಾಲು ಹೋದರೆ, ಕೋಚ್ ಮುನಿಸಿಕೊಂಡರೆ ಮುಂದಿನ ವರ್ಷದ ಫೀಸಿಗೆ ಖಾತ್ರಿಯಿರಲಿಲ್ಲ. 2012ರಲ್ಲಿ ಹೆಚ್ಚು ವರ್ಷಕ್ಕೆ ಕೊಡಬಹುದು ಎಂದರು; ಕೊಡಲೇಬೇಕು ಎನ್ನಲಿಲ್ಲ.

ಸ್ಕಾಲರ್‌ಶಿಪ್ ಭಿಕ್ಷೆಯಲ್ಲ, ಬೆವರಿನ ಕೂಲಿ. ಆಟ ನಿಂತರೂ ಓದು ನಿಲ್ಲಬಾರದು ಎಂಬುದೇ ನಮ್ಮ ವಾದ. ನಿಮ್ಮ ಮಕ್ಕಳಿಗೆ ಯಾರಾದರೂ ಆಟದ ಹೆಸರಲ್ಲಿ ಸೀಟು ಕೊಡಲು ಬಂದರೆ ಮೊದಲು ಕೇಳಿ: ಎಷ್ಟು ವರ್ಷಕ್ಕೆ?