ಎಲ್‌ಎಸ್ ಓಡಿದ ಮಾತ್ರಕ್ಕೆ ಲಿನಕ್ಸ್ ಆಗಲ್ಲ

ನಮ್ಮ ಸೀನಿಯರ್ ಒಬ್ಬರಿಗೆ ಇಂಟರ್ನ್‌ಶಿಪ್‌ನಲ್ಲಿ ಐಬಿಎಂ ಐ ಮೇಲೆ ಕೆಲಸ ಸಿಕ್ಕಾಗ ನಾವು ಹಾಸ್ಟೆಲ್‌ನಲ್ಲಿ ನಕ್ಕಿದ್ದು ನಿಜ. ಹಸಿರು ಅಕ್ಷರದ ಸ್ಕ್ರೀನ್, 1988ರಲ್ಲಿ ಎಎಸ್/400 ಅಂತ ಹುಟ್ಟಿದ ವಂಶ. "ಮ್ಯೂಸಿಯಂನಲ್ಲೂ ಸ್ಟೈಪೆಂಡ್ ಕೊಡ್ತಾರಾ ಅಣ್ಣ?" ಅಂತ ಕೇಳಿದ್ವಿ. ಅವರು ಸಿಟ್ಟಾಗಲಿಲ್ಲ. "ಅದ್ರಲ್ಲೂ ಶೆಲ್ ಇದೆ ಕಣ್ರೋ, ಒಂದು ಸ್ಕ್ರಿಪ್ಟ್ ಓಡಿಸಿ ನೋಡಿ" ಅಂದು, ಅಭ್ಯಾಸಕ್ಕೆ ಉಚಿತ ಅಕೌಂಟ್ ಕೊಡೋ ಸರ್ವರ್ ಒಂದನ್ನ ತೋರಿಸಿದ್ರು.

ಎಲ್‌ಎಸ್ ಟೈಪ್ ಮಾಡಿದ್ವಿ, ಫೈಲುಗಳ ಪಟ್ಟಿ ಬಂತು. ಇದೂ ಲಿನಕ್ಸೇ ಬಿಡು ಅಂದ್ಕೊಂಡು ಲ್ಯಾಬಲ್ಲಿ ಬರೆದ ಸ್ಕ್ರಿಪ್ಟ್ ಹಾಕಿದ್ವಿ. ಮೊದಲ ಸಾಲಿನಲ್ಲೇ ಮಕಾಡೆ ಬಿತ್ತು. ಬ್ಯಾಷ್ ಎಲ್ಲಾ ಕಡೆ ಒಂದೇ ಜಾಗದಲ್ಲಿ ಇರುತ್ತೆ ಅನ್ನೋದು ನಮ್ಮ ನಂಬಿಕೆ. ಅಲ್ಲಿ ಅದು ಬೇರೆಯಾಗಿ ಇನ್‌ಸ್ಟಾಲ್ ಮಾಡ್ಬೇಕಾದ ಪ್ಯಾಕೇಜ್, ಅದರ ವಿಳಾಸವೂ ಬೇರೆ.

ಅಸಲಿಗೆ ಅಲ್ಲಿ ಯುನಿಕ್ಸ್ ಥರ ಕಾಣೋ ಪರಿಸರ ಎರಡಿವೆ. ಒಂದು ಕ್ಯೂಶೆಲ್. ಅದು ಆ ಮೆಷಿನ್ನಿನ ಸ್ವಂತ ಮಗು, ಎಬ್ಸಿಡಿಕ್ ಎನ್‌ಕೋಡಿಂಗ್‌ನಲ್ಲಿ ಮಾತಾಡುತ್ತೆ. ಇನ್ನೊಂದು ಪೇಸ್, ಐಬಿಎಂನದ್ದೇ ಯುನಿಕ್ಸ್ ಆದ ಎಐಎಕ್ಸ್‌ನ ಪ್ರೋಗ್ರಾಂಗಳನ್ನ ಓಡಿಸೋಕೆ ಮಾಡಿದ್ದು, ಆಸ್ಕಿ ಕಡೆಯದು. ದೊಡ್ಡಕ್ಷರ ಎ ಆಸ್ಕಿಯಲ್ಲಿ 65, ಎಬ್ಸಿಡಿಕ್‌ನಲ್ಲಿ 193. ಹೀಗಾಗಿ ಒಂದೇ ಫೈಲನ್ನ ಕ್ಯೂಶೆಲ್‌ನ ಕ್ಯಾಟ್ ಟ್ಯಾಗ್ ನೋಡಿ ಪರಿವರ್ತಿಸಿ ಚೆನ್ನಾಗಿ ತೋರಿಸಿದ್ರೆ, ಪೇಸ್‌ನ ಕ್ಯಾಟ್ ಇದ್ದ ಬೈಟುಗಳನ್ನ ಹಾಗೇ ಕಕ್ಕುತ್ತೆ. ಹಳೇ ನುಡಿ ಫೈಲನ್ನ ಫಾಂಟ್ ಇಲ್ಲದ ಕಂಪ್ಯೂಟರಲ್ಲಿ ತೆರೆದವರಿಗೆ ಈ ದೃಶ್ಯ ಹೊಸದಲ್ಲ. ನಮ್ಮ ಕ್ಲಬ್ಬಿನ ಹಳೇ ಸಂಚಿಕೆಗಳು ಇವತ್ತಿಗೂ ಹಾಗೇ ಕಾಣ್ತವೆ!

ವರ್ಷನ್ ಕಥೆ ಇನ್ನೂ ತಮಾಷೆ. ಐಬಿಎಂ ಐ 7.1ರ ಪೇಸ್ ಎಐಎಕ್ಸ್ 6.1ಕ್ಕೆ ಸಮ, ಐಬಿಎಂ ಐ 7.2ರದ್ದು ಎಐಎಕ್ಸ್ 7.1ಕ್ಕೆ. ಎರಡೂ ಕಡೆ 7.2 ಇದೆ ಅಂತ ಹೊಂದಿಸೋಕೆ ಹೋದ್ರೆ ಕೆಟ್ಟಿರಿ. ಹೊಸ ಎಐಎಕ್ಸ್‌ನಲ್ಲಿ ಕಂಪೈಲ್ ಮಾಡಿದ್ದು ಹಳೇ ಪೇಸ್‌ನಲ್ಲಿ ಓಡುತ್ತೆ ಅನ್ನೋ ಗ್ಯಾರಂಟಿ ಇಲ್ಲ.

ಹಾಗಂತ ಹಳೇದನ್ನ ಕಾಪಾಡೋದ್ರಲ್ಲಿ ಇದರ ಮುಂದೆ ನಾವು ಕೈಮುಗೀಬೇಕು. 1995ರಲ್ಲಿ 48 ಬಿಟ್ ಪ್ರೊಸೆಸರ್‌ನಿಂದ 64 ಬಿಟ್ ಪವರ್‌ಪಿಸಿಗೆ ಜಿಗಿದಾಗ, ಮೂಲ ಮಾಹಿತಿ ಉಳಿಸಿಕೊಂಡಿದ್ದ ಪ್ರೋಗ್ರಾಂಗಳನ್ನ ಸೋರ್ಸ್ ಕೋಡ್ ಮುಟ್ಟದೇ ಸಿಸ್ಟಂ ತಾನೇ ಹೊಸ ಚಿಪ್ಪಿಗೆ ತರ್ಜುಮೆ ಮಾಡ್ಕೊಂಡಿತು. ನಮ್ಮ ಪೈಥಾನ್ ಮಿನಿ ಪ್ರಾಜೆಕ್ಟು ಪಕ್ಕದ ರೂಮಿನ ಲ್ಯಾಪ್‌ಟಾಪಲ್ಲೇ ಓಡಲ್ಲ.

ತಪ್ಪು ಮೆಷಿನ್ನಿಂದಲ್ಲ. ನಮಗೆ ಕಲಿಸೋದು ಕಮಾಂಡು. ಆ ಕಮಾಂಡು ಯಾರ ಮನೆಯಲ್ಲಿ ನಿಂತು ಮಾತಾಡ್ತಿದೆ ಅನ್ನೋದನ್ನಲ್ಲ. ಪರೀಕ್ಷೆಯಲ್ಲೂ ಗ್ರೆಪ್‌ನ ಆಪ್ಷನ್ನುಗಳನ್ನ ಬಾಯಿಪಾಠ ಒಪ್ಪಿಸಿದ್ರೆ ಮಾರ್ಕ್ಸ್ ಬರುತ್ತೆ. ಇದು ಯಾವ ಶೆಲ್, ಯಾವ ವರ್ಷನ್, ಯಾವ ಎನ್‌ಕೋಡಿಂಗ್ ಅಂತ ಎರಡು ವರ್ಷದಲ್ಲಿ ನಾವೂ ಕೇಳಲಿಲ್ಲ, ನಮ್ಮನ್ನೂ ಯಾರೂ ಕೇಳಲಿಲ್ಲ. ಪೇಸ್‌ನಲ್ಲಿ ಯುನೇಮ್ ಅಂತ ಹೊಡೆದಿದ್ರೆ ಅದು ಓಎಸ್400 ಅಂತ ನೇರವಾಗಿ ಹೇಳ್ತಿತ್ತು. ಸ್ಕ್ರಿಪ್ಟ್ ಮೇಲೆ ಒಂದು ಇಡೀ ರಾತ್ರಿ ಕಳೆದ ಮೇಲೆ ನಮಗದು ಹೊಳೀತು.

ಲ್ಯಾಬ್ ರೆಕಾರ್ಡಿನ ಪ್ರತಿ ಪ್ರಯೋಗದ ಮೇಲೆ ಶೆಲ್ ಮತ್ತು ವರ್ಷನ್ ಬರೆಸಿ ಅಂತ ಮೇಡಂ ಹತ್ರ ಕೇಳಿದ್ವಿ. ಒಳ್ಳೇ ಐಡಿಯಾ ಅಂದ್ರು. ಆದ್ರೆ ರೆಕಾರ್ಡಿನ ಫಾರ್ಮ್ಯಾಟಲ್ಲಿ ಅದಕ್ಕೆ ಜಾಗ ಇಲ್ವಂತೆ.