ಇನ್‌ಫ್ರಾರೆಡ್ ಬಳೆಗೆ ದುಡ್ಡು ಏಕೆ ಕೊಡಬೇಕು?

ಮೈಗೆ ಇನ್‌ಫ್ರಾರೆಡ್ ಕಿರಣ ಕೊಟ್ಟು ನೋವು ಕಳೆಯುತ್ತದೆಂದು ಬಳೆ, ಬೆಲ್ಟು, ಹಾಸಿಗೆ ಮಾರುವವರ ಮಾತಿನಲ್ಲಿ ಅರ್ಧ ನಿಜವಿದೆ, ತೊಂದರೆಯೇ ಅದು. ಬಳೆಯಿಂದ ಅವಕೆಂಪು ಕಿರಣ ಹೊಮ್ಮುವುದು ಸುಳ್ಳಲ್ಲ. ಆದರೆ ಬಳೆ ಇಟ್ಟ ಮೇಜು, ಅಂಗಡಿಯ ಗೋಡೆ, ಹೊರಗಿನ ಚಪ್ಪಡಿಕಲ್ಲುಗಳಿಂದಲೂ ಅದು ಹೊಮ್ಮುತ್ತಲೇ ಇರುತ್ತದೆ. ಯಾವ ವಸ್ತುವಿನಲ್ಲೂ ಅಣುಗಳು ಸುಮ್ಮನಿರುವುದಿಲ್ಲ. ಅವುಗಳೊಳಗಿನ ವಿದ್ಯುದಾವೇಶಗಳು ಅಲುಗಾಡಿದಂತೆಲ್ಲ ವಿದ್ಯುತ್ಕಾಂತೀಯ ಅಲೆಗಳು ಹೊರಡುತ್ತವೆ. ಬಿಸಿ ಏರಿದಷ್ಟೂ ಅವುಗಳ ಬಲ ಹೆಚ್ಚುತ್ತದೆ, ಅಲೆಯುದ್ದ ತಗ್ಗುತ್ತದೆ. ಸುಮಾರು 5,500 ಡಿಗ್ರಿ ಬಿಸಿಯ ಸೂರ್ಯ ಕಣ್ಣಿಗೆ ಕಾಣುವ ಬೆಳಕನ್ನೇ ಧಾರಾಳವಾಗಿ ಕೊಡುತ್ತಾನೆ. 33 ಡಿಗ್ರಿ ಆಸುಪಾಸಿನ ನಮ್ಮ ಚರ್ಮದ ಬೆಳಕು 9-10 ಮೈಕ್ರೋಮೀಟರಿನ ಸುತ್ತ ಪ್ರಬಲವಾಗಿದ್ದು, ಕಣ್ಣಿಗೆ ಎಟುಕುವುದಿಲ್ಲ.

ಹಾಗಾದರೆ ಜೀವಕ್ಕೆ ವಿಶೇಷವೇನೂ ಇಲ್ಲವೇ? ಇದೆ, ಆದರೆ ಕಿರಣದಲ್ಲಲ್ಲ. ಉಂಡದ್ದನ್ನು ಕರಗಿಸಿ ಬಿಸಿ ಕಾಯ್ದುಕೊಳ್ಳುವುದು ನಮ್ಮ ದೇಹದ ಹೆಚ್ಚುಗಾರಿಕೆ. ಆ ಬಿಸಿ ಹೊರಹೊಮ್ಮುವ ನಿಯಮ ಮಾತ್ರ ಕಲ್ಲಿಗೂ ನಮಗೂ ಒಂದೇ. ಥರ್ಮಲ್ ಕ್ಯಾಮೆರಾ ಹಿಡಿದರೆ ಇದು ಸ್ಪಷ್ಟ. ಕಲ್ಲಿನ ಮೇಲೆ ಕೂತ ಕಪ್ಪೆ ಕಲ್ಲಿನಷ್ಟೇ ಬಿಸಿಯಿದ್ದರೆ, ಜೀವವಿದ್ದೂ ಪರದೆಯ ಮೇಲೆ ಅದರ ಗುರುತು ಸಿಗುವುದು ಕಷ್ಟ. ಹಸು ಆಗತಾನೆ ಎದ್ದುಹೋದ ಕೊಟ್ಟಿಗೆಯ ನೆಲವೋ, ಹಸುವಿಲ್ಲದೆಯೂ ಕೆಲ ಹೊತ್ತು ಅದರ ಆಕಾರದಲ್ಲೇ ಹೊಳೆಯುತ್ತದೆ. 'ಪ್ರಾಣಶಕ್ತಿಯ ಚಿತ್ರ' ಎಂದು ಇಂಥ ಬಣ್ಣದ ಪಟಗಳನ್ನು ತೋರಿಸುವವರು ಆ ಖಾಲಿ ನೆಲಕ್ಕೆ ಏನು ಹೇಳುತ್ತಾರೋ!

ಫಿಸಿಯೋಥೆರಪಿಯಲ್ಲಿ ಇನ್‌ಫ್ರಾರೆಡ್ ದೀಪ ಬಳಸುವುದಿಲ್ಲವೇ ಎಂಬುದು ನ್ಯಾಯವಾದ ಪ್ರಶ್ನೆ. ಬಳಸುತ್ತಾರೆ. ಕರೆಂಟಿನಿಂದ ಕಾದ ಆ ದೀಪ ಮೈಗಿಂತ ಎಷ್ಟೋ ಬಿಸಿ, ಹಾಗಾಗಿ ಮೈ ಕೊಡುವುದಕ್ಕಿಂತ ಪಡೆಯುವುದೇ ಹೆಚ್ಚು. ಲೆಕ್ಕ ನಡೆಯುವುದು ಈ ಕೊಡುಕೊಳ್ಳುವಿಕೆಯ ವ್ಯತ್ಯಾಸದಲ್ಲಿ: ಬರಿಚರ್ಮದ ಒಂದು ಚದರ ಮೀಟರು ಸುಮಾರು 500 ವ್ಯಾಟ್ ಹೊಮ್ಮಿಸಿದರೆ, 25 ಡಿಗ್ರಿಯ ಗೋಡೆಗಳು ಹತ್ತಿರ ಹತ್ತಿರ 450 ವ್ಯಾಟ್ ಹಿಂದಿರುಗಿಸುತ್ತವೆ. ಬ್ಯಾಟರಿಯಿಲ್ಲದ ಬಳೆ ಮಣಿಕಟ್ಟಿನ ಬಿಸಿಯನ್ನೇ ಪಡೆದು ಅದರಲ್ಲಿ ಒಂದಿಷ್ಟು ಮರಳಿಸುತ್ತದೆ, ನಮ್ಮ ದುಡ್ಡನ್ನೇ ನಮಗೆ ಸಾಲ ಕೊಟ್ಟಂತೆ. ಸೆರಾಮಿಕ್‌ಗೆ ಕಿರಣ ಹೊಮ್ಮಿಸುವ ಸಾಮರ್ಥ್ಯ ಹೆಚ್ಚು ಎಂಬ ವಾದವೂ ನಿಲ್ಲದು. ಆ ಬಿಸಿಗೆ ಸಾಧ್ಯವಿರುವ ಗರಿಷ್ಠದಲ್ಲಿ ಶೇ 98ರಷ್ಟನ್ನು ನಮ್ಮ ಚರ್ಮವೇ, ಅದರ ಬಣ್ಣ ಯಾವುದಿದ್ದರೂ, ಹೊಮ್ಮಿಸುತ್ತದೆ. ಬೆಲ್ಟು ಕಟ್ಟಿದಾಗ ಹಾಯೆನಿಸಿತು ಎನ್ನುವವರು ಸುಳ್ಳಾಡುತ್ತಿಲ್ಲ, ಉಣ್ಣೆ ಬಟ್ಟೆ ಸುತ್ತಿದರೂ ಸೊಂಟ ಬೆಚ್ಚಗಾಗುತ್ತದೆ. ಆದ್ದರಿಂದ ಇಂಥ ಸರಕಿನ ಪೊಟ್ಟಣದ ಮೇಲೆ 'ಇನ್‌ಫ್ರಾರೆಡ್' ಎಂದು ಅಚ್ಚು ಹಾಕುವವರು ಅದು ಎಷ್ಟು ಡಿಗ್ರಿ ಬಿಸಿಯಾಗುತ್ತದೆ, ಆ ಬಿಸಿ ಎಲ್ಲಿಂದ ಬರುತ್ತದೆ ಎಂಬುದನ್ನೂ ಅಷ್ಟೇ ದಪ್ಪಕ್ಷರದಲ್ಲಿ ಬರೆಯಬೇಕೆಂದು ಕಡ್ಡಾಯ ಮಾಡಬೇಕು.