ಕೇಳಿದವನಿಗೆ ಮಾತ್ರ ಸಿಗುವ ವಿನಾಯಿತಿ

ಆದಾಯ ತೆರಿಗೆ ಎಂದರೆ ಬಂಗಲೆಯವರ ಚಿಂತೆ, ನಮಗೇನು ಸಂಬಂಧ ಎಂಬ ಮಾತು ಆಳಂದ, ಅಫಜಲಪುರ, ಜೇವರ್ಗಿಗಳ ಗಿರಣಿ ಗೇಟಿನಲ್ಲಿಯೂ ಕಿರಾಣಿ ಕಟ್ಟೆಯಲ್ಲಿಯೂ ಒಂದೇ ಸಮನೆ ಕೇಳಿಬರುತ್ತದೆ. ಮಾತಿನಲ್ಲಿ ಅರ್ಧ ಸತ್ಯವಿದೆ. 2025ರ ಏಪ್ರಿಲಿನಿಂದ ಆರಂಭವಾದ ವರ್ಷಕ್ಕೆ ಹೊಸ ಪದ್ಧತಿಯಲ್ಲಿ 12 ಲಕ್ಷ ರೂಪಾಯಿವರೆಗಿನ ಆದಾಯಕ್ಕೆ ತೆರಿಗೆಯಿಲ್ಲ. ಪಗಾರದವನಿಗಾದರೆ ಅದರ ಮೇಲೆ 75,000 ರೂಪಾಯಿಯ ಕಡಿತವೂ ಉಂಟು. ನಮ್ಮ ಓದುಗರಲ್ಲಿ ಬಹುಮಂದಿಯ ಗಳಿಕೆ ಆ ಗಡಿಯ ಹತ್ತಿರವೂ ಸುಳಿಯುವುದಿಲ್ಲ. ಆದರೆ ತೆರಿಗೆ ಕೊಡಬೇಕಾಗಿಲ್ಲ ಎಂಬುದು ಬೇರೆ, ತೆರಿಗೆ ಹಿಡಿಯುವುದಿಲ್ಲ ಎಂಬುದು ಬೇರೆ.

ಒಂದು ಲೆಕ್ಕ ನೋಡೋಣ. 58ನೆಯ ವಯಸ್ಸಿಗೆ ನಿವೃತ್ತನಾದ ಕಾರ್ಮಿಕನೊಬ್ಬ ಪ್ರಾವಿಡೆಂಟ್ ಫಂಡು, ಗ್ರಾಚ್ಯುಟಿ ಸೇರಿಸಿ 10 ಲಕ್ಷ ರೂಪಾಯಿಯನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟನೆನ್ನಿ. ನೂರಕ್ಕೆ 7ರಂತೆ ವರ್ಷದ ಬಡ್ಡಿ 70,000. ಅರವತ್ತು ತುಂಬದವರ ಬಡ್ಡಿ 50,000 ದಾಟಿತೆಂದರೆ ಬ್ಯಾಂಕು ನೂರಕ್ಕೆ 10ರಂತೆ ಹಿಡಿಯುತ್ತದೆ: 7,000 ಹೋಯಿತು. ಪ್ಯಾನ್ ಕೊಟ್ಟಿರದಿದ್ದರೆ 14,000. ಆತ ಸರ್ಕಾರಕ್ಕೆ ಕೊಡಬೇಕಾದ ತೆರಿಗೆ ಮಾತ್ರ ಸೊನ್ನೆ! ವರ್ಷದ ಮೊದಲಿಗೇ 'ನನಗೆ ತೆರಿಗೆ ಬರುವುದಿಲ್ಲ' ಎಂಬ ಘೋಷಣಾ ಪತ್ರವನ್ನು ಬ್ಯಾಂಕಿಗೆ ಕೊಟ್ಟಿದ್ದರೆ ಹಿಡಿಯುತ್ತಿರಲಿಲ್ಲ. ಹಿಡಿದ ಮೇಲೂ ರಿಟರ್ನ್ ಸಲ್ಲಿಸಿದರೆ ರೊಕ್ಕ ಮರಳಿ ಬರುತ್ತದೆ. ಎರಡನ್ನೂ ಹೇಳುವವರಿಲ್ಲದೆ ಆ ರೊಕ್ಕ ಖಜಾನೆಯಲ್ಲಿಯೇ ಉಳಿಯುತ್ತದೆ.

ಭೂಸನೂರು, ಹಾವಳಗಾ ಕಡೆಯ ಸಕ್ಕರೆ ಕಾರ್ಖಾನೆಗಳಲ್ಲಿ ಹಂಗಾಮಿಗೆ ದುಡಿಯುವವರು ಇನ್ನೊಂದು ಮಾತು ತಿಳಿದಿರಬೇಕು. ಐದು ವರ್ಷದ ಸೇವೆ ತುಂಬುವ ಮೊದಲೇ 50,000 ಅಥವಾ ಹೆಚ್ಚಿನ ಪ್ರಾವಿಡೆಂಟ್ ಫಂಡು ತೆಗೆದರೆ ಅದರಲ್ಲಿಯೂ ನೂರಕ್ಕೆ 10 ಕಡಿತ. ಕೆಲಸ ಬದಲಾದಾಗ ಹಳೆಯ ಖಾತೆಯನ್ನು ಹೊಸದಕ್ಕೆ ವರ್ಗಾಯಿಸಿಕೊಂಡರೆ ಹಿಂದಿನ ಸೇವೆಯೂ ಲೆಕ್ಕಕ್ಕೆ ಬರುತ್ತದೆ. ಕಲಬುರಗಿಯ ಎಂ.ಎಸ್.ಕೆ. ಗಿರಣಿ ಮುಚ್ಚಿದ್ದನ್ನು ಕಂಡ ಜಿಲ್ಲೆ ಇದು. ಆದ್ದರಿಂದ ಇದನ್ನೂ ಹೇಳಿಬಿಡುತ್ತೇವೆ: ಕೆಲಸದಿಂದ ತೆಗೆದಾಗ ಕಾನೂನಿನ ಲೆಕ್ಕದಂತೆ ಬರುವ ಪರಿಹಾರ 5 ಲಕ್ಷದವರೆಗೆ, ಗ್ರಾಚ್ಯುಟಿ 20 ಲಕ್ಷದವರೆಗೆ ತೆರಿಗೆಗೆ ಒಳಪಡುವುದಿಲ್ಲ.

ರಾಜ್ಯದ ವೃತ್ತಿ ತೆರಿಗೆ ಬೇರೆಯೇ. 2023ರ ಏಪ್ರಿಲಿನಿಂದ ತಿಂಗಳಿಗೆ 25,000 ರೂಪಾಯಿಗಿಂತ ಕಡಿಮೆ ಪಗಾರದವರಿಗೆ ಅದು ಇಲ್ಲ. ಮೊದಲು ಈ ಗಡಿ 15,000 ಇತ್ತು. ನಿಮ್ಮ ಪಗಾರ 18,000 ಇದ್ದು, ಚೀಟಿಯಲ್ಲಿ ಇನ್ನೂ 200 ರೂಪಾಯಿ ಕಡಿತ ಕಾಣುತ್ತಿದ್ದರೆ ಅದು ಯಾವ ಕಾಯ್ದೆಯ ಪ್ರಕಾರ ಎಂದು ಕೇಳಿರಿ. ವರ್ಷಕ್ಕೆ 2,400 ರೂಪಾಯಿ, ಮಕ್ಕಳ ಪುಸ್ತಕದ ಖರ್ಚು.

ಇನ್ನು ವ್ಯಾಪಾರಿ ಬಂಧುಗಳ ವಿಷಯ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆ ನೋಡಿ ಸಣ್ಣ ಅಂಗಡಿಗಳಿಗೆ ನೋಟೀಸು ಕಳಿಸಿತು. ಬೆಂಗಳೂರಿನಲ್ಲಿ ಎಷ್ಟೋ ಅಂಗಡಿಯವರು ಸ್ಕ್ಯಾನ್ ಹಲಗೆಯನ್ನೇ ಕಿತ್ತುಹಾಕಿ ನಗದು ಮಾತ್ರ ಎಂದು ಬರೆದರು. ಹಳೆಯ ಬಾಕಿ ವಸೂಲು ಮಾಡುವುದಿಲ್ಲವೆಂದು ಸರ್ಕಾರ ಆಮೇಲೆ ಹೇಳಿತು, ಅಂಜಿಕೆ ಮಾತ್ರ ಉಳಿಯಿತು. ಆದರೆ ಆದಾಯ ತೆರಿಗೆಯಲ್ಲಿ ಅದೇ ಯುಪಿಐ ಜಮೆ ಅನುಕೂಲ ಮಾಡುತ್ತದೆ. ವಹಿವಾಟು 2 ಕೋಟಿಯೊಳಗಿದ್ದರೆ ಖಾತೆ ಪುಸ್ತಕವಿಲ್ಲದೆಯೇ ಅಂದಾಜು ಲಾಭ ತೋರಿಸಬಹುದು: ನಗದಿಗೆ ಕನಿಷ್ಠ ನೂರಕ್ಕೆ 8, ಬ್ಯಾಂಕು-ಯುಪಿಐ ಮೂಲಕ ಬಂದದ್ದಕ್ಕೆ 6. ವರ್ಷಕ್ಕೆ 1 ಕೋಟಿ 80 ಲಕ್ಷ ವಹಿವಾಟಿನ ಜವಳಿ ಅಂಗಡಿಯಾದರೆ ಪೂರ್ತಿ ನಗದಿನಲ್ಲಿ ಲಾಭ 14,40,000, ಪೂರ್ತಿ ಬ್ಯಾಂಕಿನಲ್ಲಿ 10,80,000. ಮೊದಲಿನವನಿಗೆ ತೆರಿಗೆ ಬರುತ್ತದೆ, ಎರಡನೆಯವನಿಗೆ ಬರುವುದಿಲ್ಲ. ಅಡತಿ, ದಲ್ಲಾಲಿ ಕಮಿಷನ್ನಿನವರಿಗೆ ಈ ದಾರಿ ಇಲ್ಲ.

ಇಷ್ಟು ಸಿಗುವ ಮಾತಾಯಿತು. ಸಿಗದ ಮಾತು ಇದಕ್ಕಿಂತ ದೊಡ್ಡದು. ಅಂಗವಿಕಲ ಮಗುವನ್ನು ಸಾಕುವ ಕುಟುಂಬಕ್ಕೆ, ನೂರಕ್ಕೆ 40ರಷ್ಟು ವೈಕಲ್ಯದ ಸರ್ಟಿಫಿಕೇಟು ಇದ್ದರೆ 75,000, 80 ದಾಟಿದರೆ 1,25,000 ರೂಪಾಯಿಯ ಕಡಿತವೆಂದು ಕಾಯ್ದೆ ಹೇಳುತ್ತದೆ. ವಿಮೆಯಿಲ್ಲದ ವೃದ್ಧ ತಂದೆತಾಯಿಗಳ ಔಷಧೋಪಚಾರಕ್ಕೆ 50,000ದವರೆಗೆ. ಸೊಲ್ಲಾಪುರದ ಆಸ್ಪತ್ರೆಯಲ್ಲಿ ನಗದು ಎಣಿಸಿಕೊಟ್ಟರೆ ಅದೂ ನಡೆಯದು. ಓದಲು ಬಹಳ ಚೆಂದ. ಆದರೆ ಇವೆಲ್ಲ ಹಳೆಯ ಪದ್ಧತಿಯಲ್ಲಿ ಮಾತ್ರ.

ಆ ಜವಳಿ ಅಂಗಡಿಯವನ ಮನೆಯಲ್ಲಿಯೇ ಹಾಸಿಗೆ ಹಿಡಿದ ಮಗುವಿದೆ ಎನ್ನಿ. 14,40,000ಕ್ಕೆ ಹೊಸ ಪದ್ಧತಿಯಲ್ಲಿ ತೆರಿಗೆ 96,000. ಹಳೆಯದರಲ್ಲಿ, ಮಗುವಿನ ಹೆಸರಿನ 1,25,000 ಕಳೆದ ಮೇಲೂ 2,07,000, ಉಪಕರ ಬೇರೆ. ಬುದ್ಧಿಯಿದ್ದವನು ಹಳೆಯದನ್ನು ಆರಿಸುವನೇ? ಹೊಸದನ್ನು ಆರಿಸಿದರೆ, ಯಾವ ಕಷ್ಟವೂ ಇಲ್ಲದ ಪಕ್ಕದ ಮನೆಯವನಷ್ಟೇ ತೆರಿಗೆ ಅವನಿಗೂ ಬೀಳುತ್ತದೆ. ಕಡಿತವನ್ನು ರದ್ದು ಮಾಡಿದ್ದೇವೆಂದು ಯಾರೂ ಹೇಳಲಿಲ್ಲ, ಯಾರಿಗೂ ಬೇಡವಾಗುವಂತೆ ಮಾಡಿಟ್ಟರು. 1961ರ ಕಾಯ್ದೆಯ ಜಾಗಕ್ಕೆ 2026ರ ಏಪ್ರಿಲ್ 1ರಿಂದ 2025ರ ಕಾಯ್ದೆಯನ್ನು ತಂದಾಗಲಾದರೂ ಇದನ್ನು ಸರಿಪಡಿಸಬಹುದಾಗಿತ್ತು. ಅಂಗವಿಕಲರ, ವೃದ್ಧರ ಹೆಸರಿನ ಕಡಿತಗಳು ಹೊಸ ಪದ್ಧತಿಯಲ್ಲಿಯೂ ಸಲ್ಲಬೇಕು. ಕಲಬುರಗಿಯ ಲೋಕಸಭಾ ಸದಸ್ಯರು ಇದನ್ನು ಸಂಸತ್ತಿನಲ್ಲಿ ಎತ್ತಬೇಕೆಂದು ಒತ್ತಾಯಿಸುತ್ತೇವೆ. ಬ್ಯಾಂಕುಗಳ ಪ್ರತಿ ಶಾಖೆಯಲ್ಲಿಯೂ ಘೋಷಣಾ ಪತ್ರ ಕನ್ನಡದಲ್ಲಿ, ಕೈಗೆಟಕುವ ಮೇಜಿನ ಮೇಲೆ ಇರಬೇಕು.

ಅಲ್ಲಿಯವರೆಗೆ, ಬಡ್ಡಿಯಲ್ಲಿ ಕಡಿತವಾದವರು ಪಾಸ್‌ಬುಕ್ಕು ಮತ್ತು ಪ್ಯಾನ್ ಹಿಡಿದು ಲೆಕ್ಕ ಬಲ್ಲವರೊಬ್ಬರ ಬಳಿ ಹೋಗಿರಿ. ಮಾರ್ಚ್ 31ಕ್ಕೆ ಮುಗಿದ ವರ್ಷದ ರಿಟರ್ನನ್ನು ತಡವಾದರೂ ಅದೇ ಡಿಸೆಂಬರ್ 31ರೊಳಗೆ ಸಲ್ಲಿಸಬಹುದು.